ಗಣಕಭಾಷೆಗಳಲ್ಲಿ ಸಿಂಧುವಾದ ಹೆಸರುಗಳ ಯಾದೃಚ್ಛಿಕ ರಚನೆ

ಪೀಠಿಕೆ

ಇತಿಹಾಸ ವಿಭಾಗದ ವಾರ್ಷಿಕ ಸಂಶೋಧನ ಸಂಚಿಕೆಯಲ್ಲಿ ಗಣಕಯಂತ್ರದ ಭಾಷೆಗಳನ್ನು ಕುರಿತ ಲೇಖನಕ್ಕೆ ಎಡೆಯೆಲ್ಲಿ ಎಂದು ವಾಚಕರು ಶಂಕಿಸಬಹುದು. ಶಂಕೆ ನ್ಯಾಯವಾದುದೇ. ಆದರೆ ಶಾಸನಗಳ ಸೂಚಿಯನ್ನೂ ಗ್ರಾಮಲೆಕ್ಕದ ಪಟ್ಟಿಗಳನ್ನೂ ಗಣಕಕ್ಕೆ ಏರಿಸುವುದು ಈಗ ನಮ್ಮಂಥವರ ನಿತ್ಯದ ಕೆಲಸವಾಗಿದೆ. ಆ ಕೆಲಸದಲ್ಲಿ ನನ್ನಿಂದಾದ ಒಂದು ತಪ್ಪು ಈ ಲೇಖನಕ್ಕೆ ಕಾರಣವಾಯಿತು.

ಶಾಸನಗಳ ಒಂದು ಪಟ್ಟಿಯಲ್ಲಿ ಅರಸ, ಶಕ, ಊರು, ದಾನ, ಭೂಮಿ ಎಂಬ ಐದು ಕಲಮುಗಳಿದ್ದವು. ಪ್ರತಿಯೊಂದು ಕಲಮಿನ ತಲೆಬರಹವನ್ನೂ ಗಣಕದ ಭಾಷೆಯಲ್ಲಿ ಒಂದು ಹೆಸರನ್ನಾಗಿ ಬಳಸುವ ಚಿಕ್ಕ ಕ್ರಮವಿಧಿಯೊಂದನ್ನು ಪೈಥಾನ್ ಭಾಷೆಯಲ್ಲಿ ಬರೆದೆನು. ತಲೆಬರಹವು ಹೆಸರಿನ ನಿಯಮಕ್ಕೆ ಒಪ್ಪದಿದ್ದರೆ ಆ ಕಲಮನ್ನು ಬಿಟ್ಟು ಮುಂದುವರಿಯಬೇಕೆಂದೂ ಅದರಲ್ಲಿ ವಿಧಿಸಿದ್ದೆನು. ಪರೀಕ್ಷೆಗೆಂದು ಇಂಗ್ಲಿಷ್ ಅಕ್ಷರಗಳಿಂದ 10,000 ಹೆಸರುಗಳನ್ನು ಯಾದೃಚ್ಛಿಕವಾಗಿ, ಎಂದರೆ ಚೀಟಿ ಎತ್ತಿದಂತೆ, ಗಣಕದಿಂದಲೇ ರಚಿಸಿ ಕೊಟ್ಟಾಗ ಒಂದೂ ತಪ್ಪಲಿಲ್ಲ. ಬಳಿಕ ಕನ್ನಡದ ಪಟ್ಟಿಯನ್ನು ಕೊಟ್ಟೆನು. ಹೊರಬಂದ ಸಾರಾಂಶದಲ್ಲಿ ಅರಸ, ಶಕ ಎಂಬ ಎರಡು ಕಲಮುಗಳು ಮಾತ್ರ ಉಳಿದಿದ್ದವು. ಊರು, ದಾನ, ಭೂಮಿ ಮೂರೂ ಸದ್ದಿಲ್ಲದೆ ಬಿಟ್ಟುಹೋಗಿದ್ದವು. ಐದೇ ಕಲಮುಗಳಿದ್ದುದರಿಂದ ಇದು ಕಣ್ಣಿಗೆ ಬಿದ್ದಿತು. ಐವತ್ತು ಕಲಮುಗಳ ಪಟ್ಟಿಯಾಗಿದ್ದರೆ ಬೀಳುತ್ತಿದ್ದಿತೆಂದು ಹೇಳಲಾರೆನು.

ಹತ್ತು ಸಾವಿರ ಹೆಸರುಗಳು ತೋರಿಸದ ದೋಷವನ್ನು ಮೂರು ಕನ್ನಡ ಪದಗಳು ತೋರಿಸಿದುದು ಹೇಗೆ? ಇದಕ್ಕೆ ಉತ್ತರ ಕೊಡಬೇಕಾದರೆ ಹೆಸರಿನ ನಿಯಮವೆಂದರೇನು, ಆ ನಿಯಮದೊಳಗಿನಿಂದ ಚೀಟಿ ಎತ್ತುವುದೆಂದರೇನು ಎಂಬ ಎರಡನ್ನೂ ವಿಚಾರಿಸಬೇಕಾಗುವುದು. ಆಯ್ಕೆಯ ನಿಷ್ಪಕ್ಷಪಾತವು ಎತ್ತುವ ಕೈಯೊಂದನ್ನೇ ಅವಲಂಬಿಸಿಲ್ಲ. ಯಾವ ರಾಶಿಯಿಂದ ಎತ್ತುತ್ತೇವೆಯೋ ಆ ರಾಶಿಯಲ್ಲಿ ಏನೇನು ಇಟ್ಟಿದ್ದೇವೆ ಎಂಬುದನ್ನೂ ಅವಲಂಬಿಸಿದೆ. ಇದೇ ಪ್ರಸ್ತುತ ಲೇಖನದ ಪ್ರತಿಪಾದನೆ.

ಚರ ಮತ್ತು ಅದರ ಹೆಸರು

ಬೀಜಗಣಿತದಲ್ಲಿ ಬೆಲೆ ಬದಲಾಗಬಲ್ಲ ರಾಶಿಯನ್ನು ಚರವೆನ್ನುತ್ತೇವೆ. ಗಣಕದಲ್ಲಿಯೂ ಅಷ್ಟೆ: ಸ್ಮೃತಿಕೋಶದ ಒಂದು ಸ್ಥಾನಕ್ಕೆ ಕ್ರಮವಿಧಿಯನ್ನು ಬರೆಯುವವನು ಒಂದು ಹೆಸರನ್ನಿಟ್ಟು, ಅಲ್ಲಿರುವ ಬೆಲೆಯನ್ನು ಆ ಹೆಸರಿನಿಂದ ಕರೆಯುತ್ತಾನೆ. ಹೆಸರನ್ನು ಆತ ತನ್ನ ಇಚ್ಛೆಯಂತೆ ಇಡಬಹುದು. ಆದರೆ ಆ ಭಾಷೆ ವಿಧಿಸಿದ ಕಟ್ಟಳೆಯನ್ನು ಮೀರುವಂತಿಲ್ಲ. ಕಟ್ಟಳೆಗೆ ಒಪ್ಪುವ ಹೆಸರನ್ನು ಇಲ್ಲಿ ಸಿಂಧುವಾದ ಹೆಸರೆಂದು ಕರೆಯೋಣ. ಬಹುತೇಕ ಭಾಷೆಗಳಲ್ಲಿ ಕಟ್ಟಳೆ ಹೀಗಿರುವುದು: ಮೊದಲನೆಯದು ಅಕ್ಷರವಾಗಲಿ ಅಡಿಗೆರೆಯಾಗಲಿ ಆಗಿರಬೇಕು; ಮುಂದಿನವು ಅಕ್ಷರ, ಅಂಕಿ, ಅಡಿಗೆರೆ ಇವುಗಳಲ್ಲಿ ಯಾವುದಾದರೂ ಆಗಬಹುದು; ಭಾಷೆಯು ತನ್ನ ಸ್ವಂತ ಕೆಲಸಕ್ಕೆ ಮೀಸಲಿಟ್ಟುಕೊಂಡ ಪದಗಳನ್ನು ಬಳಸಬಾರದು.

ಅರ್ಥವಿಲ್ಲದ ಹೆಸರುಗಳನ್ನು ಗಣಕದಿಂದಲೇ ರಚಿಸುವ ಅಗತ್ಯವಾದರೂ ಏನು? ಮುಖ್ಯವಾದ ಪ್ರಯೋಜನಗಳು ಎರಡು. ಪರರಿಗೆ ಕೊಡುವ ಕ್ರಮವಿಧಿಯ ಒಳಮರ್ಮ ತಿಳಿಯಬಾರದೆಂದು ಮೂಲದ ಅರ್ಥವುಳ್ಳ ಹೆಸರುಗಳನ್ನು ತೆಗೆದು ಅರ್ಥಹೀನವಾದವನ್ನು ಹಾಕುವುದುಂಟು. ಇದು ಮೊದಲನೆಯದು. ಎರಡನೆಯದು ಪರೀಕ್ಷೆ. ಮನುಷ್ಯನು ತಾನೇ ಆಯ್ದ ಉದಾಹರಣೆಗಳು ಅವನ ರೂಢಿಯ ದಾರಿಯಲ್ಲಿಯೇ ನಡೆಯುತ್ತವೆ. ಅವನು ನಿರೀಕ್ಷಿಸದ ಮೂಲೆಗಳನ್ನು ಮುಟ್ಟಬೇಕಾದರೆ ಆಯ್ಕೆಯನ್ನು ಅವನ ಕೈಯಿಂದ ತೆಗೆಯಬೇಕಾಗುವುದು. ಯೂಟಾ ವಿಶ್ವವಿದ್ಯಾನಿಲಯದ ಸಂಶೋಧಕರು ಯಾದೃಚ್ಛಿಕವಾಗಿ ಇಡೀ ಕ್ರಮವಿಧಿಗಳನ್ನೇ ರಚಿಸುವ ಸೀಸ್ಮಿತ್ ಎಂಬ ಸಾಧನವನ್ನು ನಿರ್ಮಿಸಿ, ಸಿ ಭಾಷೆಯ ಕಂಪೈಲರುಗಳಲ್ಲಿ ಅದುವರೆಗೆ ತಿಳಿಯದಿದ್ದ 325ಕ್ಕೂ ಹೆಚ್ಚು ದೋಷಗಳನ್ನು ಕಂಡುಹಿಡಿದುದಾಗಿ 2011ರಲ್ಲಿ ಪ್ರಕಟಿಸಿದರು. ಈ ವಿಧಾನದ ಬಲಕ್ಕೆ ಇದೊಂದು ನಿದರ್ಶನ ಸಾಕು.

ನಿಯಮದ ಹಿಂದಿನ ಯಂತ್ರ

ಹೆಸರಿನ ಕಟ್ಟಳೆಗಳು ಪ್ರಕೃತಿಸಿದ್ಧವಾದುವಲ್ಲ. ಅವನ್ನು ಒಂದು ಕಾಲದಲ್ಲಿ, ಒಂದು ಯಂತ್ರವನ್ನು ಮುಂದಿಟ್ಟುಕೊಂಡು, ಕೆಲವರು ಮಾಡಿದರು. ಇತಿಹಾಸದ ವಿದ್ಯಾರ್ಥಿಗೆ ಅವು ದಾಖಲೆಗಳೇ ಸರಿ.

ಜಾನ್ ಬ್ಯಾಕಸ್ ಅವರ ನೇತೃತ್ವದಲ್ಲಿ ಸಿದ್ಧವಾಗಿ 1957ರಲ್ಲಿ ಐ.ಬಿ.ಎಂ. 704 ಯಂತ್ರದ ಬಳಕೆದಾರರ ಕೈಸೇರಿದ ಫೋರ್ಟ್ರಾನ್ ಭಾಷೆಯನ್ನು ನೋಡೋಣ. ಅದರಲ್ಲಿ ಹೆಸರಿನ ಉದ್ದ 1ರಿಂದ 6 ಅಕ್ಷರಗಳು. ಮೊದಲನೆಯದು 26 ಇಂಗ್ಲಿಷ್ ಅಕ್ಷರಗಳಲ್ಲಿ ಒಂದು. ಉಳಿದವು ಆ 26 ಅಕ್ಷರಗಳು ಮತ್ತು 10 ಅಂಕಿಗಳು ಸೇರಿದ 36ರಲ್ಲಿ ಯಾವುದಾದರೂ ಒಂದು. ಆರು ಎಂಬ ಮಿತಿ ಏಕೆ? 704 ಯಂತ್ರದ ಸ್ಮೃತಿಕೋಶದ ಒಂದು ಮನೆಯಲ್ಲಿ 36 ಬಿಟ್‌ಗಳಿದ್ದವು. ಒಂದು ಅಕ್ಷರವನ್ನು ಬರೆಯಲು 6 ಬಿಟ್‌ಗಳು ಬೇಕಾಗಿದ್ದವು. ಒಂದು ಮನೆಗೆ ಸರಿಯಾಗಿ ಆರು ಅಕ್ಷರಗಳು ಹಿಡಿಸುತ್ತಿದ್ದವು. ಯಂತ್ರದ ಅಳತೆ ಹೆಸರಿನ ಅಳತೆಗೆ ಹೊಂದಿದುದು ಹೀಗೆ. ಆ ಯಂತ್ರ ವಸ್ತುಸಂಗ್ರಹಾಲಯ ಸೇರಿದ ಬಹುಕಾಲದ ಮೇಲೆಯೂ ಆರರ ಮಿತಿ ಉಳಿಯಿತು. 1978ರಲ್ಲಿ ಅಂಗೀಕೃತವಾದ ಫೋರ್ಟ್ರಾನ್ 77 ಅದನ್ನೇ ಇಟ್ಟುಕೊಂಡಿತು. ಫೋರ್ಟ್ರಾನ್ 90 ಅದನ್ನು 31ಕ್ಕೂ ಫೋರ್ಟ್ರಾನ್ 2003 ಅದನ್ನು 63ಕ್ಕೂ ಏರಿಸಿದವು.

ಅದೇ ಭಾಷೆಯ ಇನ್ನೊಂದು ಕಟ್ಟಳೆಯೂ ಗಮನಾರ್ಹ. ಬೇರೆ ಸೂಚನೆಯಿಲ್ಲದಿದ್ದರೆ ಐ, ಜೆ, ಕೆ, ಎಲ್, ಎಂ, ಎನ್ ಎಂಬ ಆರು ಅಕ್ಷರಗಳಲ್ಲಿ ಒಂದರಿಂದ ಆರಂಭವಾಗುವ ಹೆಸರು ಪೂರ್ಣಾಂಕವನ್ನು ಸೂಚಿಸುವುದು. ಉಳಿದವು ದಶಮಾಂಶಯುಕ್ತ ಸಂಖ್ಯೆಯನ್ನು. ಗಣಿತಜ್ಞರು ಬಹುಕಾಲದಿಂದ ಪದಗಳ ಕ್ರಮಸಂಖ್ಯೆಗೆ ಈ ಅಕ್ಷರಗಳನ್ನು ಬಳಸುತ್ತಿದ್ದ ರೂಢಿಗೆ ಇದು ಅನುಗುಣವಾಗಿದೆ. ಹೀಗಿರುವುದರಿಂದ ಫೋರ್ಟ್ರಾನಿನಲ್ಲಿ ಚೀಟಿಯೆತ್ತಿ ಹೆಸರನ್ನಿಟ್ಟರೆ 26ರಲ್ಲಿ 6 ಸಲ ಆ ಚರವು ಪೂರ್ಣಾಂಕವಾಗಿಬಿಡುವುದು, ಅದರಲ್ಲಿ 3.5 ಎಂಬ ಬೆಲೆಯನ್ನಿಟ್ಟರೆ 3 ಮಾತ್ರ ಉಳಿಯುವುದು. ಹೆಸರು ಸಿಂಧುವೇ, ಲೆಕ್ಕ ಮಾತ್ರ ತಪ್ಪು. ಸಿಂಧುತ್ವವೂ ನಿರಪಾಯವೂ ಒಂದೇ ಅಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಸಿ ಭಾಷೆಗೆ 1989ರಲ್ಲಿ ಅಮೆರಿಕದಲ್ಲಿ ಗೊತ್ತುಮಾಡಿದ ಮಾನಕದಲ್ಲಿಯೂ ಇಂಥದೇ ಅವಶೇಷವಿದ್ದಿತು. ಬೇರೆ ಬೇರೆ ಕಡತಗಳ ನಡುವೆ ಹಂಚಿಕೊಳ್ಳುವ ಹೆಸರುಗಳಲ್ಲಿ ಮೊದಲ ಆರು ಅಕ್ಷರಗಳನ್ನು ಮಾತ್ರ ಗುರುತಿಸಿದರೆ ಸಾಕೆಂದು ಅದು ಒಪ್ಪಿದ್ದಿತು. ಮೊದಲ ಆರು ಅಕ್ಷರಗಳು ಒಂದೇ ಆಗಿ ಏಳನೆಯದು ಭಿನ್ನವಾದ ಎರಡು ಹೆಸರುಗಳು ಕಾಗದದ ಮೇಲೆ ಬೇರೆ. ಹಳೆಯ ಯಂತ್ರಕ್ಕೆ ಅವು ಒಂದೇ ಆಗಬಹುದಾಗಿದ್ದಿತು. ಹೆಸರುಗಳನ್ನು ರಚಿಸುವವನು ನಿಯಮದ ಅಕ್ಷರವನ್ನಲ್ಲದೆ ಇಂಥ ಸಂದುಗಳನ್ನೂ ಅರಿತಿರಬೇಕಾಗುವುದು.

ಚೀಟಿ ಎತ್ತುವ ಕ್ರಮ

ನಮ್ಮ ವಿಭಾಗದ ವಾಚಕರಿಗೆ ಪರಿಚಿತವಾದ ಒಂದು ಉದಾಹರಣೆಯಿಂದ ಈ ಭಾಗವನ್ನು ಆರಂಭಿಸಬಹುದು. ಚೋಳ ದೊರೆ ಮೊದಲನೆಯ ಪರಾಂತಕನ ಕಾಲದ ಉತ್ತರಮೇರೂರು ಶಾಸನಗಳು (ಕ್ರಿ. ಶ. 919 ಮತ್ತು 921) ಗ್ರಾಮಸಭೆಯ ಸಮಿತಿಗಳಿಗೆ ಸದಸ್ಯರನ್ನು ಕುಂಭದಿಂದ ಓಲೆ ಎತ್ತಿ ಆರಿಸುವ ವಿಧಾನವನ್ನು ವಿವರಿಸುತ್ತವೆ. ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಕುಂಭದಲ್ಲಿ ಹಾಕಿ, ಚಿಕ್ಕ ಬಾಲಕನೊಬ್ಬನಿಂದ ಎತ್ತಿಸಬೇಕು. ಆದರೆ ಓಲೆ ಕುಂಭವನ್ನು ಸೇರುವ ಮುನ್ನ ಅರ್ಹತೆಯ ನಿಯಮಗಳುಂಟು. ಎರಡನೆಯ ಶಾಸನದ ಪ್ರಕಾರ ವಯಸ್ಸು 35ಕ್ಕೆ ಮೇಲ್ಪಟ್ಟು 70ಕ್ಕೆ ಒಳಪಟ್ಟಿರಬೇಕು. ತೆರಿಗೆ ಸಲ್ಲುವ ಕಾಲು ವೇಲಿಗೂ ಮಿಕ್ಕ ಭೂಮಿಯಿರಬೇಕು. ಸ್ವಂತ ನಿವೇಶನದ ಮನೆಯಲ್ಲಿ ವಾಸವಾಗಿರಬೇಕು. ಎತ್ತುವ ಬಾಲಕನು ಎಷ್ಟೇ ನಿಷ್ಕಪಟಿಯಾಗಿದ್ದರೂ ಭೂಮಿಯಿಲ್ಲದವನ ಹೆಸರು ಅವನ ಕೈಗೆ ಸಿಕ್ಕಲಾರದು. ಅರ್ಹತೆ ಒಂದು, ಆಯ್ಕೆ ಮತ್ತೊಂದು. ನಮ್ಮ ಸಮಸ್ಯೆಯ ಅಂಗಗಳೂ ಈ ಎರಡೇ.

ಸರಳವಾದ ಕ್ರಮ ಹೀಗಿದೆ. ಮೊದಲು ಹೆಸರಿನ ಉದ್ದವನ್ನು ಆರಿಸಬೇಕು. ಬಳಿಕ ಮೊದಲ ಸ್ಥಾನಕ್ಕೆ, ಅಲ್ಲಿಗೆ ಅರ್ಹವಾದ ಅಕ್ಷರಗಳಿಂದ ಒಂದನ್ನು ಎತ್ತಬೇಕು. ಮುಂದಿನ ಪ್ರತಿಯೊಂದು ಸ್ಥಾನಕ್ಕೂ ಅಂಕಿಗಳೂ ಸೇರಿದ ದೊಡ್ಡ ರಾಶಿಯಿಂದ ಒಂದೊಂದನ್ನು ಎತ್ತಬೇಕು. ದೊರೆತುದು ಮೀಸಲು ಪದವಾಗಿದ್ದರೆ, ಅಥವಾ ಹಿಂದೆಯೇ ಬಂದುದಾಗಿದ್ದರೆ, ಬಿಟ್ಟು ಮತ್ತೆ ಎತ್ತಬೇಕು. ಕ್ರಮವು ಸುಲಭವಾಗಿ ಕಂಡರೂ ಪ್ರತಿ ಹೆಜ್ಜೆಯಲ್ಲಿಯೂ ಒಂದು ವಿಚಾರ ಅಡಗಿದೆ.

ಮೊದಲನೆಯದು ಉದ್ದದ ವಿಚಾರ. ಕೆಲವು ಸಣ್ಣ ವಿನಾಯಿತಿಗಳನ್ನು ಬಿಟ್ಟರೆ, ಮೇಲೆ ಹೇಳಿದ ಫೋರ್ಟ್ರಾನ್ ನಿಯಮದಂತೆ ಸಾಧ್ಯವಾದ ಹೆಸರುಗಳು 161,70,38,306. ಎಂದರೆ 161 ಕೋಟಿಗೂ ಮಿಕ್ಕು. ಇವುಗಳಲ್ಲಿ ಒಂದೇ ಅಕ್ಷರದ ಹೆಸರುಗಳು 26 ಮಾತ್ರ. ಆರಕ್ಷರದವು ನೂರಕ್ಕೆ 97ರಷ್ಟು. 'ಎಲ್ಲ ಹೆಸರುಗಳಿಗೂ ಸಮಾನ ಅವಕಾಶ' ಎಂದು ಇಡೀ ರಾಶಿಯಿಂದ ಎತ್ತಿದರೆ ಬರುವುವೆಲ್ಲ ಬಹುಮಟ್ಟಿಗೆ ಆರಕ್ಷರದ ಹೆಸರುಗಳೇ. ಒಂದಕ್ಷರದ ಹೆಸರು ಜೀವಮಾನದಲ್ಲಿ ಬರಲಾರದು. 'ಎಲ್ಲ ಉದ್ದಗಳಿಗೂ ಸಮಾನ ಅವಕಾಶ' ಎಂದರೆ ಒಂದಕ್ಷರದ ಪ್ರತಿಯೊಂದು ಹೆಸರೂ ಸರಾಸರಿ 156 ಎತ್ತುಗಳಿಗೆ ಒಂದು ಸಲ ಬರುವುದು. ಎರಡೂ ಯಾದೃಚ್ಛಿಕವೇ, ಆದರೆ ಎರಡೂ ಒಂದೇ ಅಲ್ಲ. ಮರೆಮಾಡುವುದು ಉದ್ದೇಶವಾದರೆ ಮೊದಲನೆಯದು ಮೇಲು. ಪರೀಕ್ಷಿಸುವುದು ಉದ್ದೇಶವಾದರೆ ಎರಡನೆಯದು. 'ಯಾದೃಚ್ಛಿಕವಾಗಿ ಆರಿಸಿದೆವು' ಎಂದಷ್ಟೇ ಹೇಳುವವನು ಏನನ್ನೂ ಹೇಳಿದಂತಾಗಲಿಲ್ಲ.

ಎರಡನೆಯದು ಮೀಸಲು ಪದಗಳ ವಿಚಾರ. ಈಗಿನ ಪೈಥಾನಿನಲ್ಲಿ ಮೀಸಲು ಪದಗಳು 35. ಅವುಗಳಲ್ಲಿ ಎರಡು ಅಕ್ಷರದವು ಐದು: ಆ್ಯಸ್, ಇಫ್, ಇನ್, ಈಸ್, ಆರ್. ಸಣ್ಣ ಅಕ್ಷರಗಳ ಜೋಡಿಗಳು 676 ಆದುದರಿಂದ ಸರಾಸರಿ 135 ಎತ್ತುಗಳಿಗೆ ಒಂದು ಸಲ ಮೀಸಲು ಪದವೇ ಕೈಗೆ ಬರುವುದು. ಆಗ ಅದನ್ನು ಬಿಟ್ಟು ಹೊಸದಾಗಿ ಎತ್ತುವುದೇ ಸರಿಯಾದ ಮಾರ್ಗ. ಕೆಲವರು ಕೊನೆಗೊಂದು ಅಡಿಗೆರೆ ಸೇರಿಸಿ ಅದನ್ನೇ ತಿದ್ದಿಕೊಳ್ಳುವರು. ಹಾಗೆ ತಿದ್ದಿದ ಹೆಸರು ಸಿಂಧುವಾದರೂ ಅದಕ್ಕೆ ತನ್ನ ಸಹಜವಾದ ಪಾಲಿನ ಜೊತೆಗೆ ಮೀಸಲು ಪದದ ಪಾಲೂ ಸೇರಿ, ಉಳಿದವುಗಳಿಗಿಂತ ಹೆಚ್ಚಿನ ಅವಕಾಶ ದೊರೆತಂತಾಗುವುದು.

ಮೂರನೆಯದು ಪುನರಾವೃತ್ತಿ. ರಾಶಿ ದೊಡ್ಡದಾದುದರಿಂದ ಒಂದೇ ಹೆಸರು ಎರಡು ಸಲ ಬಾರದೆಂಬ ನಂಬಿಕೆ ಸಾಮಾನ್ಯವಾಗಿದೆ. ಅದು ತಪ್ಪು. 676 ಜೋಡಿಗಳಿಂದ ಎತ್ತುತ್ತ ಹೋದರೆ 31ನೆಯ ಎತ್ತಿನ ವೇಳೆಗಾಗಲೇ ಯಾವುದಾದರೊಂದು ಹೆಸರು ಎರಡನೆಯ ಬಾರಿ ಬಂದಿರುವ ಸಂಭವ ಅರ್ಧಕ್ಕಿಂತ ಹೆಚ್ಚು. 161 ಕೋಟಿಯ ರಾಶಿಯಲ್ಲಿಯೂ ಸುಮಾರು 47 ಸಾವಿರ ಎತ್ತುಗಳಿಗೇ ಆ ಸ್ಥಿತಿ ಬರುವುದು. ಆದುದರಿಂದ ಎತ್ತಿದ ಹೆಸರುಗಳ ಪಟ್ಟಿಯನ್ನು ಇಟ್ಟುಕೊಂಡು ಪ್ರತಿ ಸಲವೂ ಒರೆಹಚ್ಚಿ ನೋಡುವುದು ಅನಿವಾರ್ಯ.

ಎತ್ತುವ ಕೈ

ಗಣಕದಲ್ಲಿ ಉತ್ತರಮೇರೂರಿನ ಬಾಲಕನಿಲ್ಲ. ಅದರ ಬದಲು ಒಂದು ಲೆಕ್ಕವಿರುವುದು. ಡಿ. ಎಚ್. ಲೆಹ್ಮರ್ ಅವರು 1949ರಲ್ಲಿ ಸೂಚಿಸಿದ ವಿಧಾನ ಇದರಲ್ಲಿ ಪ್ರಸಿದ್ಧವಾದುದು: ಕೈಯಲ್ಲಿರುವ ಸಂಖ್ಯೆಯನ್ನು ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿ, ಇನ್ನೊಂದು ಸ್ಥಿರ ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷವನ್ನು ಮುಂದಿನ ಸಂಖ್ಯೆಯನ್ನಾಗಿ ತೆಗೆದುಕೊಳ್ಳುವುದು. ಹೊರನೋಟಕ್ಕೆ ಸಂಖ್ಯೆಗಳು ಗೊತ್ತುಗುರಿಯಿಲ್ಲದೆ ಬಂದಂತೆ ಕಾಣುವುವು. ಆದರೆ ಗುಣಕವನ್ನೂ ಭಾಜಕವನ್ನೂ ಆಯ್ದುದರಲ್ಲಿ ದೋಷವಿದ್ದರೆ ಅದು ಹೆಸರುಗಳಲ್ಲಿ ನೇರವಾಗಿ ಮೂಡುವುದು.

1960ರ ದಶಕದಲ್ಲಿ ಬಹಳವಾಗಿ ಬಳಕೆಯಲ್ಲಿದ್ದ ರಾಂಡು ಎಂಬ ವಿಧಿಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಅದರ ಗುಣಕ 65,539. ಭಾಜಕ 214,74,83,648, ಎಂದರೆ 2ರ 31ನೆಯ ಘಾತ. ಆರಂಭದ ಬೀಜಸಂಖ್ಯೆ ಬೆಸವಾಗಿರಬೇಕು. 1ರಿಂದ ಆರಂಭಿಸಿದರೆ ಕ್ರಮವಾಗಿ 65,539, 3,93,225, 17,69,499, 70,77,969, 2,65,42,323 ಎಂಬ ಸಂಖ್ಯೆಗಳು ಬರುವುವು. ಪ್ರತಿಯೊಂದನ್ನೂ 26ರಿಂದ ಭಾಗಿಸಿ, ಶೇಷ 0 ಬಂದರೆ ಎ, 1 ಬಂದರೆ ಬಿ ಎಂದು ಅಕ್ಷರಗಳನ್ನು ಹಚ್ಚೋಣ. ಶೇಷಗಳು 19, 1, 17, 15, 15. ಅಕ್ಷರಗಳು ಟಿ, ಬಿ, ಆರ್, ಪಿ, ಪಿ. ಶೇಷಗಳೆಲ್ಲವೂ ಬೆಸ! ಇದು ಆಕಸ್ಮಿಕವಲ್ಲ. ಬೆಸವನ್ನು ಬೆಸದಿಂದ ಗುಣಿಸಿ ಸಮದಿಂದ ಭಾಗಿಸಿದರೆ ಶೇಷ ಬೆಸವೇ ಆಗಿರುವುದು. ಅದನ್ನು ಮತ್ತೊಂದು ಸಮಸಂಖ್ಯೆಯಾದ 26ರಿಂದ ಭಾಗಿಸಿದರೂ ಬೆಸವೇ ಉಳಿಯುವುದು. ಆದಕಾರಣ ಎ, ಸಿ, ಇ ಮೊದಲಾದ ಹದಿಮೂರು ಅಕ್ಷರಗಳು ಎಷ್ಟು ಕೋಟಿ ಹೆಸರುಗಳನ್ನು ರಚಿಸಿದರೂ ಬರುವಂತೆಯೇ ಇಲ್ಲ. ಇದಲ್ಲದೆ ಈ ವಿಧಿಯಲ್ಲಿ ಪ್ರತಿಯೊಂದು ಸಂಖ್ಯೆಯೂ ತನ್ನ ಹಿಂದಿನದರ 6 ಪಟ್ಟಿನಿಂದ ಅದಕ್ಕೂ ಹಿಂದಿನದರ 9 ಪಟ್ಟನ್ನು ಕಳೆದು ಭಾಗಿಸಿದಾಗ ಬರುವ ಶೇಷಕ್ಕೆ ಸಮನಾಗಿರುವುದು. ಇಂಥ ವಿಧಿಗಳಿಗೆಲ್ಲ ಸಾಮಾನ್ಯವಾದ ಅಡಗಿದ ಕ್ರಮಬದ್ಧತೆಯನ್ನು ಜಾರ್ಜ್ ಮಾರ್ಸಾಗ್ಲಿಯಾ ಅವರು 1968ರಲ್ಲಿ ತೋರಿಸಿಕೊಟ್ಟರು.

ಒಳ್ಳೆಯ ವಿಧಿಯಿದ್ದರೂ ಭಾಗಾಕಾರದಲ್ಲಿ ಎಚ್ಚರ ಬೇಕು. 0ಯಿಂದ 255ರ ವರೆಗಿನ 256 ಸಂಖ್ಯೆಗಳು ಸಮಾನ ಅವಕಾಶದಿಂದ ಬರುತ್ತವೆಂದು ಇಟ್ಟುಕೊಳ್ಳೋಣ. 26ರಿಂದ ಭಾಗಿಸಿದರೆ ಎಯಿಂದ ವಿ ವರೆಗಿನ 22 ಅಕ್ಷರಗಳಿಗೆ ತಲಾ 10 ಸಂಖ್ಯೆಗಳೂ ಕೊನೆಯ ನಾಲ್ಕಕ್ಕೆ ತಲಾ 9 ಸಂಖ್ಯೆಗಳೂ ದಕ್ಕುತ್ತವೆ. 234 ಮತ್ತು ಅದಕ್ಕೆ ಮೇಲ್ಪಟ್ಟ ಸಂಖ್ಯೆ ಬಂದಾಗ ಅದನ್ನು ಬಿಟ್ಟು ಮತ್ತೆ ಎತ್ತಿದರೆ ಎಲ್ಲ ಅಕ್ಷರಗಳಿಗೂ 9ರಂತೆ ಸಮಪಾಲು ಬರುವುದು.

ಕುಂಭದೊಳಗಿನ ಓಲೆಗಳು

ನನ್ನ ಪರೀಕ್ಷೆಯಲ್ಲಿ ಎತ್ತುವ ಕೈ ಸರಿಯಾಗಿಯೇ ಇದ್ದಿತು. ತಪ್ಪು ಇದ್ದುದು ಕುಂಭದಲ್ಲಿ.

ಪೈಥಾನ್ ಭಾಷೆಯಲ್ಲಿ ಬಹುಕಾಲ ಹೆಸರುಗಳಿಗೆ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಬಳಸಬಹುದಾಗಿದ್ದಿತು. ಮಾರ್ಟಿನ್ ಫಾನ್ ಲ್ಯೋವಿಸ್ ಅವರು 2007ರಲ್ಲಿ ಮಾಡಿದ ಸಲಹೆಯಂತೆ, 2008ರ ಡಿಸೆಂಬರಿನಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಯೂನಿಕೋಡಿನ ಬಹುತೇಕ ಲಿಪಿಗಳಿಗೆ ಪ್ರವೇಶ ದೊರೆಯಿತು. ಕನ್ನಡಕ್ಕೂ ದೊರೆಯಿತು. ಆದರೆ ಕನ್ನಡದ ಬರಹ ಇಂಗ್ಲಿಷಿನಂತಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕಿರುವ 128 ಸ್ಥಾನಗಳಲ್ಲಿ ಸ್ವರಗಳೂ ವ್ಯಂಜನಗಳೂ 'ಅಕ್ಷರ' ಎಂಬ ವರ್ಗಕ್ಕೆ ಸೇರಿವೆ. ಗುಣಿತದ ಸ್ವರಚಿಹ್ನೆಗಳು, ಅನುಸ್ವಾರ, ವಿಸರ್ಗ, ಒತ್ತಕ್ಷರವನ್ನು ಕೂಡಿಸುವ ವಿರಾಮ ಇವು 'ಗುರುತು' ಎಂಬ ಬೇರೊಂದು ವರ್ಗಕ್ಕೆ ಸೇರಿವೆ. ನಮಗೆ 'ದಾ' ಎಂಬುದು ಒಂದು ಅಕ್ಷರ. ಗಣಕಕ್ಕೆ ಅದು ದಕಾರವೆಂಬ ಅಕ್ಷರ ಮತ್ತು ದೀರ್ಘವೆಂಬ ಗುರುತು.

ಪೈಥಾನಿನ ಹೆಸರಿನ ನಿಯಮವು ಎರಡನೆಯ ಸ್ಥಾನದಿಂದ ಮುಂದಕ್ಕೆ ಗುರುತುಗಳನ್ನೂ ಒಪ್ಪುವುದು. ಆದರೆ ಅದೇ ಭಾಷೆಯಲ್ಲಿ ಪಠ್ಯವನ್ನು ಶೋಧಿಸಲು ಇರುವ 'ಪದಾಕ್ಷರ' ಎಂಬ ಸಂಕೇತವು ಅಕ್ಷರ, ಅಂಕಿ, ಅಡಿಗೆರೆಗಳನ್ನು ಮಾತ್ರ ಒಪ್ಪಿ ಗುರುತುಗಳನ್ನು ಬಿಟ್ಟುಬಿಡುವುದು. ನಾನು ಹೆಸರಿನ ಸಿಂಧುತ್ವವನ್ನು ನೋಡಲು ಈ ಸಂಕೇತವನ್ನು ಬಳಸಿದ್ದೆನು. ಇಂಗ್ಲಿಷಿನಲ್ಲಿ ಎರಡು ನಿಯಮಗಳೂ ಒಂದೇ ಫಲವನ್ನು ಕೊಡುವುದರಿಂದ ಭೇದ ತೋರಲಿಲ್ಲ. ಗುಣಿತವಿಲ್ಲದ ಅರಸ, ಶಕ ಎಂಬ ಪದಗಳು ದಾಟಿದವು. ಊರು, ದಾನ, ಭೂಮಿ ಎಂಬುವು ದಾಟಲಿಲ್ಲ.

ಇದು ನನ್ನೊಬ್ಬನ ಅನವಧಾನವೆಂದು ಬಿಡುವಂತಿಲ್ಲ. ಭಾಷೆಗಳ ನಿರ್ಮಾಣದಲ್ಲಿಯೇ ಈ ಭೇದ ಕಾಣುವುದು. 1996ರಲ್ಲಿ ಬಂದ ಜಾವಾ ಭಾಷೆ ಹೆಸರಿನಲ್ಲಿ ಗುರುತುಗಳನ್ನು ಒಪ್ಪಿತು. 2012ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಕಂಡ ಗೋ ಭಾಷೆಯ ನಿಯಮ ಅಕ್ಷರ, ಅಂಕಿ, ಅಡಿಗೆರೆಗಳಿಗೇ ನಿಂತಿತು. ಅದರಂತೆ ಜನ, ಹಣ, ನಗರ ಎಂಬುವು ಸಿಂಧು. ಮನೆ, ಬೆಲೆ, ಕನ್ನಡ ಎಂಬುವು ಅಸಿಂಧು. ಕನ್ನಡವೆಂಬ ಪದವನ್ನೇ ಕನ್ನಡದಲ್ಲಿ ಬರೆದು ಹೆಸರಿಡಲಾಗದು. ಮತ್ತೂ ಒಂದು ತೊಡಕುಂಟು: ಒಂದು ಭಾಗದ ಹೆಸರು ಹೊರಗಿನ ಭಾಗಗಳಿಗೆ ಕಾಣಬೇಕಾದರೆ ಅದು ದೊಡ್ಡಕ್ಷರದಿಂದ ಆರಂಭವಾಗಬೇಕೆಂದು ಆ ಭಾಷೆಯ ವಿಧಿ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳೆಂಬ ಭೇದವೇ ಇಲ್ಲ. ಇಂಥ ವಿಧಿಗಳನ್ನು ಮಾಡಿದವರಲ್ಲಿ ದ್ವೇಷವನ್ನು ಕಲ್ಪಿಸಬೇಕಾಗಿಲ್ಲ. ಆರಕ್ಷರದ ಮಿತಿಯಂತೆ ಇದೂ ತನಗೆ ಪರಿಚಿತವಾದುದನ್ನು ಸಾಮಾನ್ಯವೆಂದು ಭಾವಿಸಿದುದರ ಫಲ.

ಹಾಗಾದರೆ ಕುಂಭವನ್ನು ತುಂಬುವುದು ಹೇಗೆ? ಯೂನಿಕೋಡಿನ ಅರ್ಹ ಚಿಹ್ನೆಗಳನ್ನೆಲ್ಲ ಒಂದೇ ರಾಶಿಗೆ ಹಾಕಿ ಎತ್ತಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಚೀನೀ ಮೂಲದ ಚಿತ್ರಾಕ್ಷರಗಳೇ 90,000ಕ್ಕೆ ಮೀರಿವೆ. ಕೊರಿಯದ ಹಂಗುಲ್ ಅಕ್ಷರಗಳು 11,172. ಇವುಗಳ ನಡುವೆ ಕನ್ನಡದ 128 ಸ್ಥಾನಗಳನ್ನು ಪೂರ್ತಿಯಾಗಿ ಸೇರಿಸಿದರೂ ಒಂದು ಕನ್ನಡ ಚಿಹ್ನೆ ಬರುವ ಸಂಭವ 790ರಲ್ಲಿ ಒಂದಕ್ಕಿಂತ ಕಡಿಮೆ. ಜನಗಣತಿಯ ಮಾದರಿಗಳನ್ನು ಬಲ್ಲವರಿಗೆ ಇದಕ್ಕೆ ಪರಿಹಾರವೂ ಗೊತ್ತಿರುವುದೇ: ಮೊದಲು ಲಿಪಿಯನ್ನು ಎತ್ತಿ, ಆಮೇಲೆ ಆ ಲಿಪಿಯೊಳಗಿನಿಂದ ಹೆಸರನ್ನು ರಚಿಸಬೇಕು. ತಾಲ್ಲೂಕಿಗೆ ಇಷ್ಟೆಂದು ಗೊತ್ತುಮಾಡಿ ಗ್ರಾಮಗಳನ್ನು ಆರಿಸಿದಂತೆ.

ಲಿಪಿಯೊಳಗೂ ಅದರ ಕಟ್ಟನ್ನು ಅನುಸರಿಸಬೇಕು. ಚಿಹ್ನೆಗಳನ್ನು ಬಿಡಿಬಿಡಿಯಾಗಿ ಎತ್ತಿದರೆ ಒಂದು ಸ್ವರಚಿಹ್ನೆಯ ಮೇಲೆ ಇನ್ನೊಂದು ಕುಳಿತ, ಓದಲಾಗದ ಹೆಸರುಗಳು ಬರುವುವು. ಯಂತ್ರಕ್ಕೆ ಅವು ಸಿಂಧುವೇ ಆದರೂ ಕನ್ನಡವಲ್ಲ. ಅದಕ್ಕೆ ಬದಲಾಗಿ ಕಾಗುಣಿತವನ್ನೇ ಆಧಾರವಾಗಿಟ್ಟುಕೊಳ್ಳೋಣ. ವ್ಯಂಜನಗಳು 34. ಪ್ರತಿಯೊಂದಕ್ಕೂ ಅಕಾರ ಸೇರಿ 13 ಸ್ವರರೂಪಗಳು. ಒಟ್ಟು 442 ಗುಣಿತಾಕ್ಷರಗಳು. ಎರಡು ಅಕ್ಷರದ ಹೆಸರುಗಳು 1,95,364. ಮೂರು ಅಕ್ಷರದವು 8,63,50,888. ಇವುಗಳಲ್ಲಿ ಯಾವ ಗುರುತೂ ಇಲ್ಲದ, ಎಂದರೆ ಎಲ್ಲವೂ ಅಕಾರಾಂತವಾದ ಹೆಸರುಗಳು ಎರಡಕ್ಷರದಲ್ಲಿ 169ಕ್ಕೆ 1. ಮೂರಕ್ಷರದಲ್ಲಿ 2,197ಕ್ಕೆ 1. ಈ ಲೆಕ್ಕವೇ ನನ್ನ ತಪ್ಪಿನ ಅಳತೆ. ಕುಂಭದಲ್ಲಿ ಕನ್ನಡವನ್ನು ಹೀಗೆ ಇಟ್ಟಿದ್ದರೆ ಎರಡಕ್ಷರದ ಮೊದಲನೆಯ ಹೆಸರೇ ದೋಷವನ್ನು ಹೊರಗೆಡಹುವ ಸಂಭವ 169ರಲ್ಲಿ 168 ಆಗಿದ್ದಿತು. ಅದಿಲ್ಲದೆ ಇಂಗ್ಲಿಷ್ ಹೆಸರುಗಳನ್ನು ಹತ್ತು ಸಾವಿರವಲ್ಲ, ಹತ್ತು ಕೋಟಿ ಎತ್ತಿದ್ದರೂ ದೋಷ ಅಡಗಿಯೇ ಇರುತ್ತಿದ್ದಿತು.

ಕನ್ನಡದ ಹೆಸರುಗಳಲ್ಲಿ ಪುನರಾವೃತ್ತಿಯನ್ನು ನೋಡುವಾಗಲೂ ಒಂದು ಎಚ್ಚರಿಕೆ ಬೇಕು. 'ಕೋ' ಎಂಬುದನ್ನು ಕಕಾರ ಮತ್ತು ಓಕಾರದ ಒಂದೇ ಚಿಹ್ನೆಯಿಂದಲೂ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂಬ ಮೂರು ತುಂಡುಗಳಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಪೈಥಾನ್ ಹೆಸರುಗಳನ್ನು ಒಂದು ಸಾಮಾನ್ಯ ರೂಪಕ್ಕೆ ತಂದ ಮೇಲೆಯೇ ಹೋಲಿಸುವುದರಿಂದ ಅದಕ್ಕೂ ಒಂದೇ. ಆದರೆ ನಾವು ಇಟ್ಟುಕೊಂಡ ಪಟ್ಟಿಯಲ್ಲಿ ಅವು ಎರಡಾಗಿ ಕಾಣುವುವು. ಆದುದರಿಂದ ಮೊದಲು ಸಾಮಾನ್ಯ ರೂಪಕ್ಕೆ ತಂದು, ಬಳಿಕ ಹೋಲಿಸತಕ್ಕದ್ದು.

ಉಪಸಂಹಾರ

ಮೇಲ್ಕಂಡ ವಿಚಾರದಿಂದ ಕೆಲವು ನಿಯಮಗಳನ್ನು ಸಂಗ್ರಹಿಸಬಹುದು. ಸಿಂಧುತ್ವವನ್ನು ಆಯಾ ಭಾಷೆಯ ಸ್ವಂತ ನಿಯಮದಿಂದಲೇ ಪರೀಕ್ಷಿಸಬೇಕು; ಅದನ್ನು ಹೋಲುವ ಬೇರೊಂದರಿಂದಲ್ಲ. ಸಮಾನ ಅವಕಾಶ ಹೆಸರಿಗೋ ಉದ್ದಕ್ಕೋ ಲಿಪಿಗೋ ಎಂಬುದನ್ನು ಮೊದಲೇ ಗೊತ್ತುಮಾಡಿ ಬರೆದಿಡಬೇಕು. ಅಸಿಂಧುವಾದುದನ್ನು ತಿದ್ದದೆ ಬಿಟ್ಟು ಮತ್ತೆ ಎತ್ತಬೇಕು. ಬಳಸಿದ ವಿಧಿಯನ್ನೂ ಬೀಜಸಂಖ್ಯೆಯನ್ನೂ ದಾಖಲಿಸಬೇಕು. ಆಕರವನ್ನು ಹೇಳದ ಉಲ್ಲೇಖದಂತೆ ಬೀಜಸಂಖ್ಯೆಯಿಲ್ಲದ ಪರೀಕ್ಷೆಯನ್ನು ಮತ್ತೊಬ್ಬನು ಒರೆಹಚ್ಚಲಾರನು. ಕೊನೆಯದಾಗಿ, ನಿಯಮಕ್ಕೆ ಒಪ್ಪದುದನ್ನು ಸದ್ದಿಲ್ಲದೆ ಬಿಡುವಂತೆ ಎಂದಿಗೂ ವಿಧಿಸಬಾರದು. ಬಿಟ್ಟುದನ್ನು ಬಾಯಿಬಿಟ್ಟು ಹೇಳುವಂತೆ ವಿಧಿಸಬೇಕು.

ನಮ್ಮ ಪಟ್ಟಿಗಳು ಮುಂದಿನ ಸಂಶೋಧಕರಿಗೆ ಆಕರಗಳಾಗುವುವು. ಅವುಗಳಲ್ಲಿ ಅರಸನೂ ಶಕವೂ ಉಳಿದು, ಊರೂ ದಾನವೂ ಭೂಮಿಯೂ ಅಳಿದಿದ್ದರೆ, ಆ ನಷ್ಟಕ್ಕೆ ಕಾರಣ ಗುಣಿತದ ಒಂದು ಚಿಹ್ನೆಯೆಂದು ಊಹಿಸುವವರು ಯಾರು? ನನ್ನ ಕ್ರಮವಿಧಿಯನ್ನು ತಿದ್ದಿದ ಮೇಲೆ ಐದು ಕಲಮುಗಳೂ ಬಂದಿವೆ. ಈ ವಿಭಾಗದಲ್ಲಿ ಗಣಕಕ್ಕೆ ಏರಿಸಿದ ಉಳಿದ ಪಟ್ಟಿಗಳನ್ನು ಮೂಲದೊಡನೆ ಕಲಮು ಕಲಮಾಗಿ ಹೋಲಿಸುವ ಕೆಲಸವನ್ನು ಈಗ ಕೈಗೊಂಡಿದ್ದೇನೆ. ಇಂಥದೇ ಪಟ್ಟಿಗಳನ್ನು ಸಿದ್ಧಪಡಿಸುತ್ತಿರುವ ವಿದ್ಯಾರ್ಥಿಗಳೂ ತಮ್ಮವನ್ನು ಹಾಗೆಯೇ ಹೋಲಿಸಿ ನೋಡುವುದು ಉಚಿತ.